ಕುರ್ಚಿಯಿಲ್ಲದ ಹೋಟೆಲು, ಮಾಲೀಕರಿಲ್ಲದ ಕಾಫಿ ಹೌಸು: ರೂಢಿ ಮುರಿದ ಸಣ್ಣ ವ್ಯಾಪಾರಗಳ ಲೆಕ್ಕಾಚಾರ

2025ರ ಜುಲೈನಲ್ಲಿ ಕರ್ನಾಟಕದ ವಾಣಿಜ್ಯ ತೆರಿಗೆ ಇಲಾಖೆಯು ಯುಪಿಐ ಪಾವತಿಗಳ ಮಾಹಿತಿಯನ್ನು ಆಧರಿಸಿ ಸಾವಿರಾರು ಸಣ್ಣ ವ್ಯಾಪಾರಿಗಳಿಗೆ ಜಿಎಸ್‌ಟಿ ನೋಟಿಸ್ ಕಳುಹಿಸಿತು. ಬೇಕರಿ, ಕಾಂಡಿಮೆಂಟ್ಸ್, ಟೀ ಅಂಗಡಿಗಳ ಗಲ್ಲಾದ ಮೇಲೆ ಅಂಟಿಸಿದ್ದ ಕ್ಯೂಆರ್ ಕೋಡ್‌ಗಳು ಮಾಯವಾಗಿ, ಅವುಗಳ ಜಾಗದಲ್ಲಿ 'ಯುಪಿಐ ಇಲ್ಲ, ನಗದು ಮಾತ್ರ' ಎಂಬ ಕೈಬರಹದ ಚೀಟಿಗಳು ಬಂದವು. ಆ ದಿನಗಳಲ್ಲಿ ಎರಡು ಮಾತುಗಳು ಎಲ್ಲೆಡೆ ಕೇಳಿಬಂದವು. ಇಷ್ಟು ಚಿಕ್ಕ ಅಂಗಡಿಯಲ್ಲಿ ವರ್ಷಕ್ಕೆ ಲಕ್ಷಾಂತರ ರೂಪಾಯಿ ವ್ಯಾಪಾರವೇ ಎಂದು ಗಿರಾಕಿಗಳು ಬೆರಗಾದರು. ಅದು ವ್ಯಾಪಾರದ ಮೊತ್ತವೇ ಹೊರತು ಲಾಭವಲ್ಲ ಎಂದು ಅಂಗಡಿಯವರು ಅಲವತ್ತುಕೊಂಡರು.

ಎರಡೂ ನಿಜವೇ. ಬಹಳ ಮಾರಿ ಸ್ವಲ್ಪವೇ ಉಳಿಸಿಕೊಳ್ಳುವುದು, ಕೂರಲು ಜಾಗ ಕೊಡದಿರುವುದು, ಐದಾರು ಪದಾರ್ಥಗಳಿಗಿಂತ ಹೆಚ್ಚು ಮಾಡದಿರುವುದು, ಚೆನ್ನಾಗಿ ನಡೆಯುತ್ತಿದ್ದರೂ ವಾರದಲ್ಲೊಂದು ದಿನ ಬಾಗಿಲು ಹಾಕುವುದು ವ್ಯಾಪಾರದ ಪಾಠಗಳಿಗೆ ವಿರುದ್ಧವಾಗಿ ಕಾಣುತ್ತವೆ. ಆದರೂ ಹೀಗೆ ನಡೆದ ಸಣ್ಣ ಉದ್ಯಮಗಳು ದಶಕಗಳಿಂದ ಬಾಳಿವೆ. ಅವು ರೂಢಿಯನ್ನು ಎಲ್ಲಿ ಬಿಟ್ಟವು, ಬಿಟ್ಟಾಗ ಲೆಕ್ಕ ಹೇಗೆ ಬದಲಾಯಿತು, ಬಿಡಲಾಗದ ನಿಯಮಗಳು ಯಾವುವು ಎಂಬುದನ್ನು ಮೂಲದಿಂದ ನೋಡೋಣ.

## ರೂಢಿ ಬೇರೆ, ಕಾನೂನು ಬೇರೆ

ಹೊಸದಾಗಿ ಹೋಟೆಲು ತೆರೆಯುವವರಿಗೆ ಸಿಗುವ ಸಲಹೆಗಳು ಹೆಚ್ಚುಕಡಿಮೆ ಒಂದೇ ಬಗೆಯವು. ದೊಡ್ಡ ಜಾಗ ಹಿಡಿಯಬೇಕು, ಬಂದವರಿಗೆ ಕೂರಲು ವ್ಯವಸ್ಥೆ ಇರಬೇಕು, ಕೇಳಿದ್ದೆಲ್ಲ ಸಿಗಬೇಕು, ಒಂದು ದಿನವೂ ಬಾಗಿಲು ಹಾಕಬಾರದು, ಕೈ ಸಾಲದಿದ್ದರೆ ಸಾಲ ಮಾಡಬೇಕು, ಚೆನ್ನಾಗಿ ಓಡಿದರೆ ಕೂಡಲೇ ಎರಡನೆಯ ಬ್ರಾಂಚ್ ತೆರೆಯಬೇಕು. ಇವುಗಳಲ್ಲಿ ಯಾವುದೂ ಕಾನೂನಲ್ಲ. ಯಾವುದೋ ಕಾಲದಲ್ಲಿ, ಯಾವುದೋ ಬಗೆಯ ವ್ಯಾಪಾರದಲ್ಲಿ ಉಪಯೋಗಕ್ಕೆ ಬಂದು ನಿಂತುಹೋದ ಅಭ್ಯಾಸಗಳಿವು.

ಆದರೆ ಅಭ್ಯಾಸ ಎಂದ ಮಾತ್ರಕ್ಕೆ ಅದು ನಿರುಪಯುಕ್ತವಲ್ಲ. ಪ್ರತಿ ರೂಢಿಯೂ ಯಾವುದೋ ಒಂದು ಕೆಲಸ ಮಾಡುತ್ತಿರುತ್ತದೆ, ಮತ್ತು ಆ ಕೆಲಸಕ್ಕೆ ಒಂದು ಖರ್ಚು ಇರುತ್ತದೆ. ಕುರ್ಚಿಯು ಗಿರಾಕಿಯ ದಣಿವು ಕಳೆಯುತ್ತದೆ. ಅದರ ಖರ್ಚು ಬಾಡಿಗೆಯಲ್ಲಿ ಸೇರಿದೆ. ಮಾಲೀಕನೊಬ್ಬನಿದ್ದರೆ ತೀರ್ಮಾನಗಳು ಬೇಗ ಆಗುತ್ತವೆ. ಅದರ ಖರ್ಚು ಲಾಭದ ಹಂಚಿಕೆಯಲ್ಲಿ ಸೇರಿದೆ. ರೂಢಿಯನ್ನು ಬಿಡುವವರು ಆ ಖರ್ಚನ್ನು ಉಳಿಸುತ್ತಾರೆ, ನಿಜ. ಆದರೆ ಅದು ಮಾಡುತ್ತಿದ್ದ ಕೆಲಸವನ್ನು ಬೇರೆ ಯಾರಾದರೂ ಮಾಡಲೇಬೇಕಾಗುತ್ತದೆ. ಗಿರಾಕಿಯೋ, ಕೆಲಸಗಾರನೋ, ಅಡುಗೆ ಮನೆಯೋ, ಯಾರು ಎಂಬುದೇ ಇಲ್ಲಿನ ಮುಖ್ಯ ಪ್ರಶ್ನೆ.

ಸಣ್ಣದು ಎಂದರೆ ಎಷ್ಟು ಸಣ್ಣದು ಎಂಬುದಕ್ಕೂ ಸರ್ಕಾರದ ಒಂದು ಅಳತೆ ಇದೆ. 2025ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ವ್ಯಾಖ್ಯೆಯ ಪ್ರಕಾರ, ಯಂತ್ರೋಪಕರಣಗಳ ಮೇಲಿನ ಹೂಡಿಕೆ 2.5 ಕೋಟಿ ಮತ್ತು ವಾರ್ಷಿಕ ವಹಿವಾಟು 10 ಕೋಟಿ ರೂಪಾಯಿ ಮೀರದಿದ್ದರೆ ಅದು ಅತಿ ಸಣ್ಣ ಉದ್ಯಮ. 25 ಕೋಟಿ ಹೂಡಿಕೆ ಮತ್ತು 100 ಕೋಟಿ ವಹಿವಾಟಿನವರೆಗೆ ಸಣ್ಣ ಉದ್ಯಮ. ನಮ್ಮ ಬೀದಿಗಳಲ್ಲಿ ಕಾಣುವ ಅಂಗಡಿ, ಹೋಟೆಲುಗಳೆಲ್ಲ ಬಹುಪಾಲು ಮೊದಲ ಗುಂಪಿನವು.

## ಲೆಕ್ಕಕ್ಕೆ ಬೇಕಾದ ಪದಗಳು

ಗಲ್ಲಾಕ್ಕೆ ಬಂದು ಬೀಳುವ ಒಟ್ಟು ಹಣ ವಹಿವಾಟು. ಅದರಲ್ಲಿ ಎಲ್ಲ ಖರ್ಚು ಕಳೆದು ಉಳಿಯುವುದು ಲಾಭ. ನಡುವೆ ಬರುವ ಖರ್ಚು ಎರಡು ಬಗೆಯದು. ಒಂದು ಇಡ್ಲಿ ಮಾರಲಿ, ಸಾವಿರ ಮಾರಲಿ, ಬಾಡಿಗೆ, ಸಂಬಳ, ಅಡ್ವಾನ್ಸ್ ಕೊಡಲು ತಂದ ಸಾಲದ ಬಡ್ಡಿ ಇವು ಬದಲಾಗುವುದಿಲ್ಲ. ಇವನ್ನು ಸ್ಥಿರ ವೆಚ್ಚ ಎನ್ನುತ್ತಾರೆ. ಅಕ್ಕಿ, ಉದ್ದು, ಎಣ್ಣೆ, ಗ್ಯಾಸ್, ಪಾರ್ಸಲ್ ಡಬ್ಬಿ ಇವು ಮಾರಿದಷ್ಟೂ ಏರುವ ಖರ್ಚುಗಳು. ಇವು ಬದಲಾಗುವ ವೆಚ್ಚ. ಒಂದು ಪ್ಲೇಟಿನ ಬೆಲೆಯಿಂದ ಅದರ ಬದಲಾಗುವ ವೆಚ್ಚವನ್ನು ಕಳೆದರೆ ಸಿಗುವ ಉಳಿಕೆಯು ಮೊದಲು ಸ್ಥಿರ ವೆಚ್ಚವನ್ನು ತುಂಬಿಸುತ್ತದೆ. ಅದು ಪೂರ್ತಿ ತುಂಬಿದ ಹಂತವನ್ನು ನಮ್ಮ ವ್ಯಾಪಾರಿಗಳು ಅಸಲು ಗಿಟ್ಟಿತು ಎನ್ನುತ್ತಾರೆ. ಲಾಭ ಶುರುವಾಗುವುದು ಅದರ ನಂತರದ ಪ್ಲೇಟಿನಿಂದ.

## ಕುರ್ಚಿ ತೆಗೆದಾಗ ಏನಾಯಿತು?

ಬೆಂಗಳೂರಿನ ದರ್ಶಿನಿ ಹೋಟೆಲುಗಳು ಈ ಲೆಕ್ಕಕ್ಕೆ ಅತ್ಯುತ್ತಮ ಉದಾಹರಣೆ. 1983ರಲ್ಲಿ ಜಯನಗರದಲ್ಲಿ ಆರ್. ಪ್ರಭಾಕರ್ ಅವರು ಆರಂಭಿಸಿದ ಕೆಫೆ ದರ್ಶಿನಿಯಿಂದ ಈ ಮಾದರಿ ಹಬ್ಬಿತು ಎಂದು ಸಾಮಾನ್ಯವಾಗಿ ಹೇಳಲಾಗುತ್ತದೆ. ಅದಕ್ಕೂ ಮೊದಲು ಹೋಟೆಲು ಎಂದರೆ ಮೇಜು, ಕುರ್ಚಿ, ನೀರಿನ ಲೋಟ ತಂದಿಟ್ಟು ಇರುವ ತಿಂಡಿಗಳನ್ನೆಲ್ಲ ಒಂದೇ ಉಸಿರಿಗೆ ಒಪ್ಪಿಸುವ ಸಪ್ಲಯರ್, ತಿಂದ ಮೇಲೆ ಬರುವ ಬಿಲ್ಲು, ಒಳಗೆಲ್ಲೋ ಕಣ್ಣಿಗೆ ಬೀಳದ ಅಡುಗೆ ಮನೆ. ದರ್ಶಿನಿ ಈ ನಾಲ್ಕನ್ನೂ ತಿರುಗಿಸಿತು: ನಿಂತು ತಿನ್ನುವ ಎತ್ತರದ ಮೇಜು, ಗಿರಾಕಿಯೇ ಹೋಗಿ ತೆಗೆದುಕೊಳ್ಳುವ ತಟ್ಟೆ, ಮೊದಲೇ ಕೊಡುವ ಹಣ, ಎದುರಿಗೇ ಕಾಣುವ ಒಲೆ.

ಒಂದು ಕಾಲ್ಪನಿಕ ಲೆಕ್ಕ ಹಾಕೋಣ. ಈ ಅಂಕಿಗಳು ಯಾವುದೇ ನಿರ್ದಿಷ್ಟ ಹೋಟೆಲಿನವಲ್ಲ. ಲೆಕ್ಕ ತಿಳಿಯಲೆಂದು ಇಟ್ಟುಕೊಂಡವು. ಒಂದೇ ಅಳತೆಯ ಎರಡು ಮಳಿಗೆಗಳಿವೆ. ಮೊದಲನೆಯದರಲ್ಲಿ 20 ಕುರ್ಚಿಗಳಿವೆ, ಒಬ್ಬ ಗಿರಾಕಿ ಬಂದು ಕೂತು ತಿಂದು ಏಳಲು 40 ನಿಮಿಷ ಬೇಕು. ಮದುವೆ ಮನೆಯ ಪಂಕ್ತಿ ಊಟದಲ್ಲಿ ಮೊದಲ ಪಂಕ್ತಿ ಏಳುವ ತನಕ ಎರಡನೆಯವರು ಬಾಗಿಲಲ್ಲಿ ಕಾಯುವ ಹಾಗೆ, ಇಲ್ಲಿಯೂ ಕುರ್ಚಿ ಖಾಲಿಯಾಗದೆ ಮುಂದಿನ ವ್ಯಾಪಾರವಿಲ್ಲ. ದಿನಕ್ಕೆ 12 ಗಂಟೆ, ಒಂದು ಕ್ಷಣವೂ ಒಂದು ಕುರ್ಚಿಯೂ ಖಾಲಿ ಇಲ್ಲ ಎಂದಿಟ್ಟುಕೊಂಡರೂ 18 ಸುತ್ತುಗಳಲ್ಲಿ 360 ಜನರಿಗಷ್ಟೇ ಜಾಗ. ತಿಂಡಿಯ ಬೆಲೆ 70 ರೂಪಾಯಿ, ಅದರ ಬದಲಾಗುವ ವೆಚ್ಚ 25 ರೂಪಾಯಿ ಆದರೆ ಪ್ಲೇಟಿಗೆ 45 ರೂಪಾಯಿ ಉಳಿಯುತ್ತದೆ. ಸಪ್ಲಯರ್, ಕ್ಲೀನರ್‌ಗಳ ಸಂಬಳವೂ ಸೇರಿ ದಿನದ ಸ್ಥಿರ ವೆಚ್ಚ 16,000 ರೂಪಾಯಿ ಇದ್ದರೆ, ಅಸಲು ಗಿಟ್ಟಲು 356 ಪ್ಲೇಟ್ ಮಾರಬೇಕು. ಹಿಡಿಸುವುದೇ 360 ಜನ! ಅಂದರೆ ತಲೆಗೊಂದು ಪ್ಲೇಟಿನ ಮೇಲೆ ಈ ಹೋಟೆಲು ಬದುಕಲಾರದು. ಬಂದವರು ಇಡ್ಲಿಯ ಮೇಲೊಂದು ದೋಸೆ, ಅದರ ಮೇಲೊಂದು ಕಾಫಿ ತೆಗೆದುಕೊಳ್ಳಲೇಬೇಕು. ಸಪ್ಲಯರ್ ಪಕ್ಕದಲ್ಲಿ ನಿಂತು 'ಇನ್ನೇನು ಕೊಡಲಿ ಸಾರ್?' ಎಂದು ಕೇಳುವುದರ ಹಿಂದೆ ಈ ಗಣಿತವೂ ಇದೆ.

ಎರಡನೆಯ ಮಳಿಗೆಯಲ್ಲಿ ಕುರ್ಚಿ ಇಲ್ಲ. ಅಷ್ಟೇ ಜಾಗದಲ್ಲಿ 40 ಜನ ನಿಲ್ಲಬಹುದು, ನಿಂತು ತಿನ್ನುವವರು 10 ನಿಮಿಷದಲ್ಲಿ ಹೊರಡುತ್ತಾರೆ. ಗಂಟೆಗೆ 240 ಜನ. ಬೆಳಗಿನ ಮೂರು ಗಂಟೆಗಳ ಭರಾಟೆಯಲ್ಲೇ 720 ಜನ. ಸಪ್ಲಯರ್‌ಗಳಿಲ್ಲದ ಕಾರಣ ಸ್ಥಿರ ವೆಚ್ಚ 12,000ಕ್ಕೆ ಇಳಿದಿದೆ. ಬೆಲೆಯನ್ನು 40 ರೂಪಾಯಿಗೆ ಇಳಿಸಿ, ಬದಲಾಗುವ ವೆಚ್ಚ 22 ರೂಪಾಯಿ ಎಂದುಕೊಂಡರೆ ಪ್ಲೇಟಿಗೆ ಉಳಿಯುವುದು ಕೇವಲ 18 ರೂಪಾಯಿ. ಅಸಲು ಗಿಟ್ಟಲು 667 ಪ್ಲೇಟ್ ಬೇಕು, ಮೊದಲನೆಯದಕ್ಕಿಂತ ಹೆಚ್ಚುಕಡಿಮೆ ಎರಡರಷ್ಟು. ಆದರೆ ಇಷ್ಟನ್ನೂ ಬೆಳಿಗ್ಗೆ ಹತ್ತೂವರೆಯೊಳಗೆ ಮಾರುವುದು ಸಾಧ್ಯ. ಅಲ್ಲಿಂದ ರಾತ್ರಿಯವರೆಗಿನ ಪ್ರತಿ ಪ್ಲೇಟೂ ಲಾಭದ ಖಾತೆಗೆ.

ಕಡಿಮೆ ಬೆಲೆ ಎಂಬುದು ಇಲ್ಲಿ ಔದಾರ್ಯವೂ ಅಲ್ಲ, ಗಿರಾಕಿಗಳನ್ನು ಸೆಳೆಯುವ ಉಪಾಯ ಮಾತ್ರವೂ ಅಲ್ಲ. ಕುರ್ಚಿ ಇರುವ ಹೋಟೆಲು ತಿಂಡಿಯ ಜೊತೆಗೆ ಸಮಯವನ್ನೂ ಮಾರುತ್ತದೆ. ದರ್ಶಿನಿ ಸಮಯವನ್ನು ಮಾರುವುದನ್ನು ನಿಲ್ಲಿಸಿತು, ಅದರ ಬೆಲೆಯನ್ನು ಬಿಲ್ಲಿನಿಂದ ತೆಗೆದುಹಾಕಿತು.

ಎಂಟು ಗಂಟೆಯ ಹೊತ್ತಿಗೆ ಯಾವುದಾದರೂ ದರ್ಶಿನಿಯಲ್ಲಿ ಪಕ್ಕಕ್ಕೆ ನಿಂತು ನೋಡಿದರೆ ಕೆಲಸ ಹೇಗೆ ಹಂಚಿಹೋಗಿದೆ ಎಂಬುದು ಗೊತ್ತಾಗುತ್ತದೆ. ಗಲ್ಲಾದಲ್ಲಿ ಕೂತವರು ಹಣ ಪಡೆದು ಚೀಟಿ ಹರಿದು ಕೊಡುತ್ತಾರೆ. ಆರ್ಡರ್ ಬರೆದುಕೊಳ್ಳುವ ಕೆಲಸವೂ ಬಿಲ್ ಮಾಡುವ ಕೆಲಸವೂ ಆ ಒಂದೇ ಚೀಟಿಯಲ್ಲಿ ಮುಗಿದವು. ತಿಂಡಿಯ ಕೌಂಟರಿನಲ್ಲಿ ನಿಂತವನು ಚೀಟಿಯ ಮೇಲೆ ಕಣ್ಣಾಡಿಸುತ್ತಲೇ ಒಂದು ಕೈಯಲ್ಲಿ ತಟ್ಟೆಗೆ ಇಡ್ಲಿ ಇಟ್ಟು ಇನ್ನೊಂದರಲ್ಲಿ ಚಟ್ನಿ ಹುಯ್ಯುತ್ತಾನೆ. ಅವನು ನಿಂತಲ್ಲಿಂದ ಒಂದು ಹೆಜ್ಜೆಯೂ ಕದಲುವುದಿಲ್ಲ. ಕಾಫಿಗೆ ಬೇರೆಯೇ ಕೌಂಟರು, ಏಕೆಂದರೆ ಬರೀ ಕಾಫಿಗೆ ಬಂದವರು ದೋಸೆಯ ಸಾಲಿನಲ್ಲಿ ನಿಲ್ಲಬಾರದು. ತಟ್ಟೆ ಹೊರುವುದು, ಮೇಜು ಹುಡುಕುವುದು, ಎಂಜಲು ತಟ್ಟೆಯನ್ನು ಟಬ್ಬಿಗೆ ಹಾಕುವುದು ಇವೆಲ್ಲ ಗಿರಾಕಿಯ ಪಾಲಿಗೆ ಬಂದಿವೆ. ಕೆಲಸ ಎಲ್ಲಿಯೂ ಕಡಿಮೆಯಾಗಿಲ್ಲ, ಕೈ ಬದಲಾಗಿದೆ ಅಷ್ಟೆ. ಅದಕ್ಕೆ ಪ್ರತಿಯಾಗಿ ಗಿರಾಕಿಗೆ ಸಿಗುವುದು ಕಡಿಮೆ ಬೆಲೆ ಮತ್ತು ಬೇಗ ಹೊರಡುವ ಅನುಕೂಲ.

## ಪಟ್ಟಿ ಚಿಕ್ಕದಿರುವುದೇಕೆ?

ಕುರ್ಚಿಯ ಅಡ್ಡಿ ನಿವಾರಣೆಯಾದ ಕೂಡಲೇ ಮುಂದಿನ ಅಡ್ಡಿ ಅಡುಗೆ ಮನೆಯಲ್ಲಿ ತಲೆ ಎತ್ತುತ್ತದೆ. ಗಂಟೆಗೆ 240 ಜನ ನಿಲ್ಲಲು ಜಾಗವಿದ್ದರೆ ಸಾಲದು, 240 ತಟ್ಟೆ ತಿಂಡಿಯೂ ತಯಾರಾಗಬೇಕು. ನೂರು ಇಡ್ಲಿ ಹಿಡಿಸುವ ಪೆಟ್ಟಿಗೆಯೊಂದು 12 ನಿಮಿಷಕ್ಕೊಮ್ಮೆ ಇಳಿಯುತ್ತದೆ ಎಂದುಕೊಂಡರೆ ಗಂಟೆಗೆ 500 ಇಡ್ಲಿ, ಅಂದರೆ ಎರಡರಂತೆ 250 ಪ್ಲೇಟು ಸಿದ್ಧ. ಒಮ್ಮೆಗೆ 12 ದೋಸೆ ಹುಯ್ಯಬಹುದಾದ ದೊಡ್ಡ ಕಾವಲಿಯಲ್ಲಿ, ಒಂದು ಸುತ್ತಿಗೆ ಆರು ನಿಮಿಷದಂತೆ, ಗಂಟೆಗೆ 120 ದೋಸೆ ಮಾತ್ರ. ಖಾರಾಬಾತು, ಕೇಸರಿಬಾತುಗಳನ್ನು ದೊಡ್ಡ ಪಾತ್ರೆಯಲ್ಲಿ ಒಮ್ಮೆ ಮಾಡಿಟ್ಟರೆ ಬಡಿಸುವುದಷ್ಟೇ ಕೆಲಸ. ನೂರು ಬಗೆಯ ತಿಂಡಿಗಳ ಪಟ್ಟಿ ಇಟ್ಟ ಹೋಟೆಲು ಹೀಗೆ ಓಡಲಾರದು.

ಬೆಂಗಳೂರಿನ ಶಂಕರಪುರದಲ್ಲಿ 1965ರಲ್ಲಿ ಆರಂಭವಾದ ಬ್ರಾಹ್ಮಿನ್ಸ್ ಕಾಫಿ ಬಾರ್ ಹೆಸರಾಗಿರುವುದು ಇಡ್ಲಿ, ವಡೆ, ಖಾರಾಬಾತು, ಕೇಸರಿಬಾತು, ಕಾಫಿ, ಟೀಗಳಷ್ಟರಿಂದಲೇ. ಅಲ್ಲಿ ಸಾಂಬಾರಿಲ್ಲ, ಚಟ್ನಿ ಮಾತ್ರ. ಇಡ್ಲಿಗೆ ಸಾಂಬಾರು ಕೊಡದ ಹೋಟೆಲು ನಡೆದೀತೇ ಎಂದು ಯಾರಾದರೂ ಕೇಳಬಹುದು. ಸಾಂಬಾರು ಬಿಟ್ಟರೆ ತರಕಾರಿ ಕೊಳ್ಳುವುದು, ಹೆಚ್ಚುವುದು, ಬೇಳೆ ಬೇಯಿಸುವುದು, ಬಟ್ಟಲು ತೊಳೆಯುವುದು, ಉಳಿದದ್ದನ್ನು ಚೆಲ್ಲುವುದು ಎಲ್ಲವೂ ಬಿಟ್ಟಂತೆ. ಆದರೆ ಇದಕ್ಕೆ ಒಂದು ಷರತ್ತಿದೆ. ಹತ್ತು ಪದಾರ್ಥ ಇರುವಲ್ಲಿ ಒಂದು ಕೆಟ್ಟರೂ ಒಂಬತ್ತು ಕಾಪಾಡುತ್ತವೆ. ನಾಲ್ಕೇ ಇರುವಲ್ಲಿ ಚಟ್ನಿ ಒಂದು ದಿನ ಹಳಸಿದರೆ ಆ ದಿನದ ವ್ಯಾಪಾರವೇ ಹಳಸಿತು.

ವಾರದ ರಜೆಯೂ ಇದೇ ಜಾತಿಯದು. 1943ರಿಂದ ಗಾಂಧಿ ಬಜಾರಿನಲ್ಲಿರುವ ವಿದ್ಯಾರ್ಥಿ ಭವನಕ್ಕೆ ಶುಕ್ರವಾರ ರಜೆ. ಅಲ್ಲಿ ಕುರ್ಚಿಗಳೂ ಇವೆ, ತೋಳಿನುದ್ದಕ್ಕೂ ದೋಸೆಯ ತಟ್ಟೆ ಜೋಡಿಸಿಕೊಂಡು ಬರುವ ಸಪ್ಲಯರ್‌ಗಳೂ ಇದ್ದಾರೆ; ಅಂದರೆ ದರ್ಶಿನಿ ಬಿಟ್ಟ ರೂಢಿಯನ್ನು ಅವರು ಬಿಟ್ಟಿಲ್ಲ, ಬೇರೊಂದನ್ನು ಬಿಟ್ಟಿದ್ದಾರೆ. ಎಲ್ಲ ರೂಢಿಗಳನ್ನೂ ಒಟ್ಟಿಗೆ ಮುರಿದವರು ಬಾಳಿದ್ದು ಕಡಿಮೆ ಎಂಬುದು ಈ ಲೇಖಕನ ಅನಿಸಿಕೆ.

## 'ಇಂದು ನಗದು, ನಾಳೆ ಉದ್ರಿ'

ಕಿರಾಣಿ ಅಂಗಡಿಯ ಗೋಡೆಯ ಮೇಲಿನ ಈ ಫಲಕವನ್ನು ಎಲ್ಲರೂ ಓದಿ ನಕ್ಕಿದ್ದೇವೆ. ಅದರಲ್ಲಿ ದುಡಿಯುವ ಬಂಡವಾಳದ ಪಾಠವೇ ಅಡಗಿದೆ. ಸಾಮಾನು ಕೊಳ್ಳಲು ಹಣ ಕೊಟ್ಟ ದಿನಕ್ಕೂ, ಮಾರಿದ ಹಣ ಕೈಗೆ ಬರುವ ದಿನಕ್ಕೂ ನಡುವೆ ಅಂಗಡಿ ನಡೆಸಲು ಬೇಕಾಗುವ ಹಣವೇ ದುಡಿಯುವ ಬಂಡವಾಳ. ಆ ಅಂತರ ಹೆಚ್ಚಿದಷ್ಟೂ ಸಾಲ ಹೆಚ್ಚು, ಬಡ್ಡಿ ಹೆಚ್ಚು. ಒಂದು ಕಚೇರಿಗೆ ದಿನವೂ ಊಟ ಕಳುಹಿಸಿ ಎರಡು ತಿಂಗಳ ನಂತರ ಹಣ ಪಡೆಯುವ ಕ್ಯಾಟರಿಂಗ್‌ನವರ ಲೆಕ್ಕದ ಪುಸ್ತಕದಲ್ಲಿ ಲಾಭ ಕಾಣಬಹುದು, ಆದರೆ ನಾಳೆಯ ಅಕ್ಕಿಗೆ ಕೈಯಲ್ಲಿ ಕಾಸಿರುವುದಿಲ್ಲ. ಲಾಭವಿದ್ದೂ ಮುಚ್ಚಿಹೋಗುವ ವ್ಯಾಪಾರಗಳ ಕಥೆ ಬಹುತೇಕ ಇದೇ.

ದರ್ಶಿನಿಯಲ್ಲಿ ಗಿರಾಕಿ ಇಡ್ಲಿ ನೋಡುವ ಮೊದಲೇ ಹಣ ಕೊಟ್ಟಿರುತ್ತಾನೆ. ದಿನಸಿ ಅಂಗಡಿಯವನಿಗೆ ಕೊಡಬೇಕಾದದ್ದು ವಾರದ ಕೊನೆಗೋ ತಿಂಗಳ ಕೊನೆಗೋ. ಹೀಗೆ ಅಂತರ ತಿರುವುಮುರುವಾಗಿ, ಗಿರಾಕಿಯ ಹಣದಲ್ಲೇ ವ್ಯಾಪಾರ ನಡೆಯುತ್ತದೆ. ಉದ್ರಿ ಕೊಡಲೇಬೇಕಾದ ಉದ್ಯಮಗಳಿಗೆ ಕಾನೂನಿನಲ್ಲಿ ಒಂದು ಆಸರೆ ಇದೆ: 2006ರ ಅತಿ ಸಣ್ಣ, ಸಣ್ಣ ಮತ್ತು ಮಧ್ಯಮ ಉದ್ಯಮಗಳ (ಎಂಎಸ್‌ಎಂಇ) ಅಭಿವೃದ್ಧಿ ಕಾಯ್ದೆಯ ಪ್ರಕಾರ ನೋಂದಾಯಿತ ಅತಿ ಸಣ್ಣ ಮತ್ತು ಸಣ್ಣ ಉದ್ಯಮಗಳಿಂದ ಸರಕು ಅಥವಾ ಸೇವೆ ಪಡೆದವರು ಒಪ್ಪಂದವಿದ್ದರೂ 45 ದಿನಗಳನ್ನು ಮೀರದಂತೆ ಹಣ ಪಾವತಿಸಬೇಕು, ತಡವಾದರೆ ಬಡ್ಡಿ ಕೊಡಬೇಕು.

## ಕಾರ್ಖಾನೆಯಿಲ್ಲದ ಹಪ್ಪಳ

ಈಗ ಬೆಂಗಳೂರನ್ನು ಬಿಟ್ಟು ಮುಂಬಯಿಗೆ ಹೋಗೋಣ. 1959ರ ಮಾರ್ಚ್ 15ರಂದು ಗಿರಗಾಂವ್‌ನ ವಸತಿ ಕಟ್ಟಡವೊಂದರ ತಾರಸಿಯ ಮೇಲೆ ಏಳು ಮಂದಿ ಗೃಹಿಣಿಯರು 80 ರೂಪಾಯಿ ಸಾಲ ಪಡೆದು ಹಪ್ಪಳ ಲಟ್ಟಿಸಲು ಕೂತರು. ಮೊದಲ ದಿನ ತಯಾರಾದದ್ದು ನಾಲ್ಕು ಪೊಟ್ಟಣ. ಕೊಂಡವನು ಭುಲೇಶ್ವರದ ಒಬ್ಬ ವ್ಯಾಪಾರಿ. ಅದೇ ಇಂದಿನ ಶ್ರೀ ಮಹಿಳಾ ಗೃಹ ಉದ್ಯೋಗ ಲಿಜ್ಜತ್ ಪಾಪಡ್. ಈಗ ಅದರ ಸದಸ್ಯೆಯರ ಸಂಖ್ಯೆ ಸುಮಾರು 45,000. ಸ್ಥಾಪಕರಲ್ಲಿ ಒಬ್ಬರಾದ ಜಸ್ವಂತಿಬೆನ್ ಜಮನಾದಾಸ್ ಪೋಪಟ್ ಅವರಿಗೆ 2021ರಲ್ಲಿ ಪದ್ಮಶ್ರೀ ಸಂದಿತು.

ಮೊದಲ ವರ್ಷ ಮಳೆಗಾಲದಲ್ಲಿ ಹಪ್ಪಳ ಒಣಗದೆ ನಾಲ್ಕು ತಿಂಗಳು ಕೆಲಸ ನಿಂತಿತು. ರೂಢಿಯ ಪ್ರಕಾರ ಯೋಚಿಸುವವರು ಸಾಲ ಮಾಡಿ ಒಣಗಿಸುವ ಯಂತ್ರವನ್ನೋ ಶೆಡ್ಡನ್ನೋ ಹುಡುಕುತ್ತಿದ್ದರು. ಅವರು ಮರುವರ್ಷ ಒಂದು ಮಂಚ, ಒಂದು ಸ್ಟೌ ಕೊಂಡರು. ಮಂಚದ ಮೇಲೆ ಹಪ್ಪಳ ಹರಡಿ ಕೆಳಗೆ ಸ್ಟೌ ಹಚ್ಚಿಟ್ಟರು, ಮಳೆಯಲ್ಲೂ ಕೆಲಸ ಸಾಗಿತು.

ಮಾದರಿ ಹೀಗಿದೆ. ಬೆಳಿಗ್ಗೆ ಶಾಖೆಯಲ್ಲಿ ಕಲಸಿದ ಹಿಟ್ಟನ್ನು ಸದಸ್ಯೆಯರು ಮನೆಗೆ ಒಯ್ಯುತ್ತಾರೆ, ಬಿಡುವಿನಲ್ಲಿ ಲಟ್ಟಿಸಿ ಒಣಗಿಸುತ್ತಾರೆ, ಮರುದಿನ ತಂದು ಒಪ್ಪಿಸುತ್ತಾರೆ. ತೂಕ, ಗುಣಮಟ್ಟ ನೋಡಿ ಲಟ್ಟಿಸಿದ ಕೂಲಿಯನ್ನು ಕೊಡಲಾಗುತ್ತದೆ. ಹಿಟ್ಟನ್ನು ಒಂದೇ ಕಡೆ ಕಲಸುವುದರಿಂದ ರುಚಿ ಒಂದೇ ಇರುತ್ತದೆ. ಲಟ್ಟಿಸುವುದು ಸಾವಿರಾರು ಮನೆಗಳಲ್ಲಿ ನಡೆಯುವುದರಿಂದ ದೊಡ್ಡ ಕಾರ್ಖಾನೆಯ ಬಾಡಿಗೆ ಇಲ್ಲ. ದುಡಿಯುವ ಪ್ರತಿಯೊಬ್ಬರೂ ಸಹ-ಒಡತಿಯರು. ಲಾಭವೂ ನಷ್ಟವೂ ಅವರಲ್ಲೇ ಹಂಚಿಕೆಯಾಗುತ್ತದೆ. ನಷ್ಟವಾದರೂ ಯಾರ ಬಳಿಯೂ ದಾನ ಕೇಳಬಾರದೆಂದು ಅವರು ಆರಂಭದಲ್ಲೇ ತೀರ್ಮಾನಿಸಿದ್ದರು.

ಒಂದು ರೂಢಿಯನ್ನು ಮಾತ್ರ ಅವರು ಬಿಡಲಿಲ್ಲ. ಸಾಲ ಕೊಟ್ಟು ಮಾರ್ಗದರ್ಶನ ಮಾಡಿದ ಛಗನ್‌ಲಾಲ್ ಕರಮ್‌ಸಿ ಪಾರೇಖ್ ಅವರು ಎರಡು ದರ್ಜೆಯ ಹಪ್ಪಳ ಮಾಡುವ ಯೋಚನೆಯನ್ನು ಬಿಡಿಸಿ, ಒಂದೇ ದರ್ಜೆ ಸಾಕು, ಆದರೆ ಗುಣಮಟ್ಟದಲ್ಲಿ ರಾಜಿ ಬೇಡ, ಲೆಕ್ಕ ಕಟ್ಟುನಿಟ್ಟಾಗಿರಲಿ ಎಂದು ಒತ್ತಿಹೇಳಿದ್ದರು. ಮಾಲೀಕನಿಲ್ಲದ ಕಡೆ ಲೆಕ್ಕದ ಪುಸ್ತಕವೇ ಮಾಲೀಕನ ಕೆಲಸ ಮಾಡಬೇಕಾಗುತ್ತದೆ.

ಇಲ್ಲಿ ಕರ್ನಾಟಕದ ಓದುಗರಿಗೆ ಒಂದು ಸಂಶಯ ಬರಬೇಕು. ದಕ್ಷಿಣ ಕನ್ನಡದಲ್ಲಿ ಬೀಡಿ ಕಟ್ಟುವ, ಮೈಸೂರು–ಬೆಂಗಳೂರು ಸುತ್ತಮುತ್ತ ಅಗರಬತ್ತಿ ಹೊಸೆಯುವ ಹೆಂಗಸರೂ ಮನೆಯಲ್ಲೇ, ಎಣಿಕೆಯ ಕೂಲಿಗೆ ದುಡಿದವರು. ಮೇಲ್ನೋಟಕ್ಕೆ ಎರಡೂ ಒಂದೇ: ಕಚ್ಚಾ ಸಾಮಗ್ರಿ ಮನೆಗೆ ಬರುತ್ತದೆ, ಸಿದ್ಧ ಮಾಲು ಹೊರಗೆ ಹೋಗುತ್ತದೆ, ಕಾರ್ಖಾನೆಯ ಖರ್ಚು ಉಳಿಯುತ್ತದೆ. ಆದರೆ ಉಳಿದ ಆ ಖರ್ಚು ಸೇರುವುದು ಯಾರ ಕೈಗೆ? ಗುತ್ತಿಗೆದಾರನಿರುವಲ್ಲಿ ಅದು ಅವನಿಗೂ ಕಂಪನಿಗೂ. ಲಿಜ್ಜತ್ ಮಾದರಿಯಲ್ಲಿ ಲಟ್ಟಿಸಿದವರಿಗೇ. ಮನೆಯಿಂದ ದುಡಿಮೆ ಎಂಬ ಒಂದೇ ರೂಢಿಭಂಗವು ಒಡೆತನ ಯಾರದು ಎಂಬುದರ ಮೇಲೆ ಎರಡು ತದ್ವಿರುದ್ಧ ಫಲಗಳನ್ನು ಕೊಡಬಲ್ಲದು.

## ಮಾಲೀಕರಿಲ್ಲದ ಕಾಫಿ ಹೌಸು

1936ರಲ್ಲಿ ಮುಂಬಯಿಯಲ್ಲಿ ಆರಂಭವಾದ ಕಾಫಿ ಹೌಸ್‌ಗಳು ಮುಂದೆ ಕೇಂದ್ರ ಸರ್ಕಾರದ ಕಾಫಿ ಮಂಡಳಿಯ ಕೈಯಲ್ಲಿದ್ದವು. 1950ರ ದಶಕದ ನಡುವಿನಲ್ಲಿ ಮಂಡಳಿ ಅವುಗಳನ್ನು ಮುಚ್ಚತೊಡಗಿದಾಗ ಕೆಲಸ ಕಳೆದುಕೊಂಡವರು ಕಾರ್ಮಿಕರು. ಕಮ್ಯುನಿಸ್ಟ್ ನಾಯಕ ಎ.ಕೆ. ಗೋಪಾಲನ್ ಅವರ ಪ್ರೇರಣೆಯಿಂದ ಕಾರ್ಮಿಕರೇ ಸಹಕಾರ ಸಂಘಗಳನ್ನು ಕಟ್ಟಿ ಅವುಗಳನ್ನು ವಹಿಸಿಕೊಂಡರು. ಅಂಥ ಮೊದಲ ಸಂಘ ಸ್ಥಾಪನೆಯಾದದ್ದು ಬೆಂಗಳೂರಿನಲ್ಲೇ, 1957ರ ಆಗಸ್ಟ್ 19ರಂದು. ಎಂ.ಜಿ. ರಸ್ತೆಯಲ್ಲಿ ಬಹುಕಾಲ ಇದ್ದ ಇಂಡಿಯಾ ಕಾಫಿ ಹೌಸ್ 2009ರಲ್ಲಿ ಆ ಜಾಗ ಬಿಟ್ಟು ಚರ್ಚ್ ಸ್ಟ್ರೀಟಿಗೆ ಹೋಯಿತು.

ಕಾರ್ಮಿಕರ ಸಹಕಾರ ಸಂಘದಲ್ಲಿ ಎಷ್ಟೇ ಷೇರು ಇದ್ದರೂ ಸದಸ್ಯನಿಗೆ ಒಂದೇ ಮತ. ಆಡಳಿತ ಮಂಡಳಿಯನ್ನು ಸದಸ್ಯರೇ ಆರಿಸುತ್ತಾರೆ. ಪೇಟ ತೊಟ್ಟು ಆಮ್ಲೆಟ್ ತಂದಿಡುವವರು ಕಾಗದದ ಮೇಲೆ ಆ ಸಂಸ್ಥೆಯ ಒಡೆಯರೂ ಹೌದು. ಬೆಲೆ ಕಡಿಮೆ ಇಡಲು, ಗಿರಾಕಿಗಳು ಗಂಟೆಗಟ್ಟಲೆ ಕೂತು ಹರಟಿದರೂ ಎಬ್ಬಿಸದಿರಲು ಸಾಧ್ಯವಾದದ್ದು ಹೂಡಿಕೆದಾರನೊಬ್ಬನಿಗೆ ಲಾಭ ತೋರಿಸುವ ಒತ್ತಡ ಇಲ್ಲದ್ದರಿಂದ. ಇದು ದರ್ಶಿನಿಗೆ ನೇರ ವಿರುದ್ಧವಾದ ದಾರಿ: ಅಲ್ಲಿ ಸಮಯವನ್ನು ಉಳಿಸಿ ಬೆಲೆ ಇಳಿಸಿದರು, ಇಲ್ಲಿ ಮಾಲೀಕನ ಪಾಲನ್ನು ಉಳಿಸಿ ಬೆಲೆ ಇಳಿಸಿದರು. ತೊಡಕು ಬಾಡಿಗೆಯದು. ನಗರದ ನಡುವಿನ ಜಾಗದ ಬಾಡಿಗೆ ಏರಿದಂತೆ, ಸಮಯವನ್ನು ಅಗ್ಗಕ್ಕೆ ಕೊಡುವ ಮಾದರಿಗೆ ಉಸಿರು ಕಟ್ಟುತ್ತದೆ. ಹೊಸ ಬಂಡವಾಳ ಬೇಕೆಂದರೆ ಪಾಲು ಮಾರುವಂತಿಲ್ಲ. ಮಾರಿದರೆ ಅದು ಕಾರ್ಮಿಕರ ಸಂಘವಾಗಿ ಉಳಿಯುವುದಿಲ್ಲ.

## ಮುರಿಯಲಾಗದ ನಿಯಮಗಳು

ಇದುವರೆಗೆ ಹೇಳಿದ್ದೆಲ್ಲ ರೂಢಿಯ ಮಾತು. ಆಹಾರ ಮಾರುವವರಿಗೆ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐನ ನೋಂದಣಿ ಅಥವಾ ಪರವಾನಗಿ, 1961ರ ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯಂತೆ ಕೆಲಸಗಾರರಿಗೆ ವಾರದ ರಜೆ, ಇವು ಕಾನೂನುಗಳು. ಜಿಎಸ್‌ಟಿಯೂ ಹಾಗೆಯೇ, ಮತ್ತು ರೂಢಿ ಮುರಿದ ವ್ಯಾಪಾರಕ್ಕೆ ಅತಿ ಬೇಗ ಎದುರಾಗುವುದು ಅದೇ.

ಸರಕು ಮಾತ್ರ ಮಾರುವವರಿಗೆ ಕರ್ನಾಟಕದಲ್ಲಿ ವಾರ್ಷಿಕ ವಹಿವಾಟು 40 ಲಕ್ಷ ರೂಪಾಯಿ ದಾಟಿದರೆ, ಸೇವೆ ಒದಗಿಸುವವರಿಗೆ 20 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ ಕಡ್ಡಾಯ. ಹೋಟೆಲು ಸೇವೆಯ ಲೆಕ್ಕಕ್ಕೆ ಬರುತ್ತದೆ. ಮಿತಿಯು ವಹಿವಾಟಿನ ಮೇಲಿದೆಯೇ ಹೊರತು ಲಾಭದ ಮೇಲಲ್ಲ ಎಂಬುದನ್ನು ಗಮನಿಸಬೇಕು. 20 ಲಕ್ಷವನ್ನು 365ರಿಂದ ಭಾಗಿಸಿದರೆ ದಿನಕ್ಕೆ ಸುಮಾರು 5,479 ರೂಪಾಯಿ. 40 ರೂಪಾಯಿಯ ಪ್ಲೇಟಿನಲ್ಲಿ 137 ಪ್ಲೇಟು. ನಮ್ಮ ಕಾಲ್ಪನಿಕ ದರ್ಶಿನಿಗೆ ಅಸಲು ಗಿಟ್ಟಲೇ 667 ಪ್ಲೇಟು ಬೇಕಿತ್ತು! ಕಡಿಮೆ ಉಳಿಕೆ, ಹೆಚ್ಚು ಮಾರಾಟದ ಮಾದರಿಯನ್ನು ಆರಿಸಿಕೊಂಡವರು ಈ ಮಿತಿಯನ್ನು ದಾಟುವುದು ಖಚಿತ.

ದಾಟಿದವರಿಗೆ ಎರಡು ದಾರಿಗಳಿವೆ. ಸಾಮಾನ್ಯ ಹೋಟೆಲುಗಳು ಬಿಲ್ಲಿನ ಮೇಲೆ ಶೇ 5ರಷ್ಟು ತೆರಿಗೆಯನ್ನು ಗಿರಾಕಿಯಿಂದ ಪಡೆದು ಕಟ್ಟುತ್ತವೆ, ತಾವು ಕೊಂಡ ಸಾಮಗ್ರಿಯ ಮೇಲೆ ಕೊಟ್ಟ ತೆರಿಗೆಯನ್ನು ಅದರಲ್ಲಿ ಕಳೆದುಕೊಳ್ಳುವಂತಿಲ್ಲ. ವಹಿವಾಟು 1.5 ಕೋಟಿಯೊಳಗಿದ್ದರೆ ರಾಜಿ ತೆರಿಗೆ (ಕಾಂಪೊಸಿಷನ್) ಪದ್ಧತಿಯನ್ನು ಆಯ್ದುಕೊಳ್ಳಬಹುದು. ಆಗ ಕಾಗದಪತ್ರಗಳ ಕೆಲಸ ಕಡಿಮೆ, ಆದರೆ ಶೇ 5ನ್ನು ಗಿರಾಕಿಯಿಂದ ವಸೂಲು ಮಾಡುವಂತಿಲ್ಲ, ಕೈಯಿಂದ ಕಟ್ಟಬೇಕು. 40 ರೂಪಾಯಿಯ ಪ್ಲೇಟಿನಲ್ಲಿ ಎಲ್ಲ ಖರ್ಚು ಕಳೆದು 4 ರೂಪಾಯಿ ಲಾಭ ಉಳಿಯುವ ಹೋಟೆಲಿಗೆ ಈ 2 ರೂಪಾಯಿ ಎಂದರೆ ಲಾಭದ ಅರ್ಧ. ಬೆಲೆ ನಿಗದಿ ಮಾಡುವ ದಿನವೇ ಇದನ್ನು ಲೆಕ್ಕಕ್ಕೆ ಹಿಡಿಯದವರಿಗೆ ನೋಟಿಸ್ ಬಂದ ದಿನ ಸಿಡಿಲು ಬಡಿದಂತಾಗುವುದು ಸಹಜ.

ಕಾನೂನನ್ನು ಮುರಿಯದೆ ವ್ಯಾಪಾರವನ್ನೇ ಬದಲಿಸಿದ ಪ್ರಸಿದ್ಧ ಉದಾಹರಣೆ 1924ರಲ್ಲಿ ಆರಂಭವಾದ ಮಾವಳ್ಳಿ ಟಿಫಿನ್ ರೂಮ್ಸ್‌ನದು. ತುರ್ತು ಪರಿಸ್ಥಿತಿಯ ಕಾಲದಲ್ಲಿ ಹೋಟೆಲು ತಿಂಡಿಗಳ ಬೆಲೆಯ ಮೇಲೆ ಸರ್ಕಾರದ ನಿಯಂತ್ರಣ ಬಂದಾಗ, ಗುಣಮಟ್ಟ ಇಳಿಸದೆ ಆ ಬೆಲೆಗೆ ಮಾರುವುದು ಕಷ್ಟವಾಯಿತು. ಅವರು ಪೊಟ್ಟಣ ಕಟ್ಟಿದ ಸಿದ್ಧ ಆಹಾರ ಮಿಶ್ರಣಗಳತ್ತ ಹೊರಳಿದರು. ಎಂಟಿಆರ್ ಎಂಬ ಹೆಸರು ಲಾಲ್‌ಬಾಗ್ ರಸ್ತೆಯಾಚೆ ದೇಶವಿಡೀ ಹರಡಿದ್ದು ಆ ದಾರಿಯಿಂದ.

## ಬಿಟ್ಟ ಹೊರೆ ಯಾರ ಹೆಗಲಿಗೆ?

ದರ್ಶಿನಿಯ ಲೆಕ್ಕದಲ್ಲಿ ಇನ್ನೂ ಒಂದು ಸಾಲು ಬಾಕಿ ಇದೆ. ಕುರ್ಚಿ ಮಾಡುತ್ತಿದ್ದ ಕೆಲಸವನ್ನು ಗಿರಾಕಿಯ ಕಾಲುಗಳು ಮಾಡುತ್ತಿವೆ, ಮತ್ತು ಎಲ್ಲರ ಕಾಲುಗಳೂ ಒಂದೇ ಬಗೆಯವಲ್ಲ. ಮಂಡಿನೋವಿನ ಹಿರಿಯರು, ಗರ್ಭಿಣಿಯರು, ಕಂಕುಳಲ್ಲಿ ಮಗು ಎತ್ತಿಕೊಂಡವರು ಎತ್ತರದ ಮೇಜಿನ ಮುಂದೆ ತಟ್ಟೆ ಹಿಡಿದು ನಿಲ್ಲಲಾರರು; ಅವರು ಬರುವುದನ್ನೇ ಬಿಡುತ್ತಾರೆ, ಬಾರದವರ ಲೆಕ್ಕ ಗಲ್ಲಾದಲ್ಲಿ ಕಾಣುವುದಿಲ್ಲ.

ಇದಕ್ಕೂ ಅದೇ ಗಣಿತವನ್ನು ಹಚ್ಚಿ ನೋಡಬಹುದು. ನಾಲ್ಕು ಜನ ಕೂರುವ ಜಾಗದಲ್ಲಿ ಎಂಟು ಜನ ನಿಲ್ಲುತ್ತಾರೆ. ಬೆಳಗಿನ ಭರಾಟೆಯಲ್ಲಿ ಆ ಎಂಟು ಜನರ ಜಾಗದಿಂದ ಗಂಟೆಗೆ 48 ಪ್ಲೇಟು ಹೋಗುತ್ತದೆ; ಅಲ್ಲಿ ನಾಲ್ಕು ಕುರ್ಚಿ ಹಾಕಿದರೆ, ಕೂತವರು 20 ನಿಮಿಷ ತೆಗೆದುಕೊಂಡರೂ 12 ಪ್ಲೇಟು ಮಾತ್ರ. ಕಳೆದುಕೊಳ್ಳುವ 36 ಪ್ಲೇಟಿನ ಉಳಿಕೆ, ಪ್ಲೇಟಿಗೆ 18 ರೂಪಾಯಿಯಂತೆ, ಗಂಟೆಗೆ 648 ರೂಪಾಯಿ. ಆದರೆ ಹನ್ನೊಂದು ಗಂಟೆಯ ನಂತರ ನಿಲ್ಲುವ ಜಾಗವೇ ಅರ್ಧ ಖಾಲಿ ಬಿದ್ದಿರುತ್ತದೆ. ಆಗ ಕುರ್ಚಿ ಹಾಕಿದರೆ ಕಳೆದುಕೊಳ್ಳುವುದು ಏನೂ ಇಲ್ಲ. ಬೆಳಿಗ್ಗೆ ಮಡಚಿ ಗೋಡೆಗೆ ಒರಗಿಸಿ, ಭರಾಟೆ ಇಳಿದ ಮೇಲೆ ಬಿಡಿಸಿಡುವ ನಾಲ್ಕು ಕುರ್ಚಿಗಳಿಗೆ ತಗಲುವ ಖರ್ಚು ಕೊಂಡ ದಿನದ ಬೆಲೆಯಷ್ಟೆ.